ಬೊಕ್ಕತಲೆಗೆ ಕೂದಲು ಕಸಿ: ಬೇಕೆ, ಬೇಡವೆ?

ಪರ

ವಂಶದಿಂದ ಬಂದ ಬೋಳಿಗೆ ಎಣ್ಣೆ, ಈರುಳ್ಳಿ ರಸದಿಂದ ಉಪಯೋಗವಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಔಷಧಗಳು ಇರುವ ಕೂದಲು ಉಳಿಸಿಕೊಳ್ಳಲು ನೆರವಾಗುತ್ತವೆ. ಪೂರ್ತಿ ನುಣುಪಾದ ನೆತ್ತಿಯಲ್ಲಿ ಕೂದಲು ಬರಿಸಲಾರವು. ಅಲ್ಲಿಗೆ ಉಳಿಯುವುದು ಕಸಿಯೊಂದೇ. ಹಿಂದಲೆಯ ಕೂದಲನ್ನು ಮುಂದೆ ನೆಟ್ಟರೂ ಅದು ಬೋಳಾಗದ ತನ್ನ ಗುಣ ಬಿಡುವುದಿಲ್ಲ ಎಂದು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1950ರ ದಶಕದಲ್ಲೇ ತೋರಿಸಿದರು. ಅಂದು ಗೊಂಚಲು ಗೊಂಚಲಾಗಿ ನೆಡುತ್ತಿದ್ದರು. ಈಗ ಒಂದೊಂದು ಗ್ರಾಫ್ಟಿನಲ್ಲಿ ಒಂದರಿಂದ ನಾಲ್ಕು ಕೂದಲು, ಹಾಗಾಗಿ ಸಹಜವಾಗಿ ಕಾಣುತ್ತದೆ. ಸ್ಥಳೀಯ ಅರಿವಳಿಕೆ ಸಾಕು, ಅದೇ ದಿನ ಮನೆಗೆ ಹೋಗಬಹುದು. ನೆಟ್ಟ ಕೂದಲು ಮೊದಲು ಉದುರಿ ಮತ್ತೆ ಹುಟ್ಟುತ್ತದೆ. ಪೂರ್ಣ ಫಲ ಕಾಣಲು ಸುಮಾರು ಒಂದು ವರ್ಷ ಬೇಕು. ಖರ್ಚು ಹೆಚ್ಚು, ನಿಜ. ಉಳಿದ ಕೂದಲಿಗಾಗಿ ಔಷಧವನ್ನೂ ಮುಂದುವರಿಸಬೇಕಾಗುತ್ತದೆ. ಆದರೂ ಅರ್ಹ ವೈದ್ಯರ ಕೈಯಲ್ಲಿ ಇದು ಒಳ್ಳೆಯ ಚಿಕಿತ್ಸೆ.

ವಿರೋಧ

ಕಸಿಯಿಂದ ಕೂದಲು ಹೆಚ್ಚುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೆ. ಹಿಂದಲೆಯಿಂದ ಕಿತ್ತದ್ದು ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಈ ಮಾತು ಯಾವ ಜಾಹೀರಾತಿನಲ್ಲಿದೆ, ತೋರಿಸಿ!

ಇಪ್ಪತ್ತಮೂರರ ಹುಡುಗ ಹೆಣ್ಣು ನೋಡಲು ಹೊರಡುವ ಮುಂಚೆ ಸಾಲ ಮಾಡಿ ಹಣೆಯ ಮೇಲೆ ಕೂದಲು ನೆಡಿಸಿಕೊಳ್ಳುತ್ತಾನೆ. ಅವನ ಅಪ್ಪನದೋ ಸೋದರಮಾವನದೋ ತಲೆ ನೋಡಿದ್ದರೆ ಮುಂದೇನು ಕಾದಿದೆ ಎಂದು ಊಹಿಸಬಹುದಿತ್ತು. ನೆಟ್ಟದ್ದು ನಿಲ್ಲುತ್ತದೆ, ಅದರ ಹಿಂದಿನ ಸ್ವಂತ ಕೂದಲು ಹಾರ್ಮೋನಿನ ಕಾಟಕ್ಕೆ ವರ್ಷ ವರ್ಷ ಸವೆಯುತ್ತದೆ. ನಲವತ್ತಕ್ಕೆ ಮುಂದೆ ಬೇಲಿ, ಹಿಂದೆ ಬಯಲು! ಮತ್ತೊಮ್ಮೆ ಮಾಡಿಸೋಣವೆಂದರೆ ತೆಗೆಯಲು ಹಿಂದಲೆಯಲ್ಲಿ ಸಾಕಷ್ಟು ಉಳಿದಿರುವುದಿಲ್ಲ. ಪೂರ್ತಿ ಬೋಳಿಸಿಕೊಂಡು ನೆಮ್ಮದಿಯಾಗಿರೋಣವೆಂದರೆ ಕಿತ್ತ ಜಾಗದ ಚುಕ್ಕೆಗಳು ಎದ್ದು ಕಾಣುತ್ತವೆ. ಕಸಿ ಮಾಡಿಸದಿದ್ದರೆ ಆ ದಾರಿಯಾದರೂ ತೆರೆದಿರುತ್ತಿತ್ತು.

ಇನ್ನು ‘ಅರ್ಹ ವೈದ್ಯರ’ ವಿಷಯ. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಲಿಖಿತವಾಗಿ ಹೇಳಬೇಕಾಯಿತು ಎಂದರೆ ಪರಿಸ್ಥಿತಿ ಹೇಗಿದ್ದೀತು?

ಬೋಳುತಲೆಯಿಂದ ಮನಸ್ಸಿಗೆ ನೋವಾಗುತ್ತದೆ ಎಂಬ ವಾದ ನನಗೆ ಗೊತ್ತು. 2017ರ ‘ಒಂದು ಮೊಟ್ಟೆಯ ಕಥೆ’ ಸಿನಿಮಾದ ಬೋಳುತಲೆಯ ಕನ್ನಡ ಮೇಷ್ಟ್ರನ್ನು ಕಂಡು ನಕ್ಕ ನಾವೇ, ಮಗಳಿಗೆ ಗಂಡು ಹುಡುಕುವಾಗ ಮೊದಲು ತಲೆ ನೋಡುತ್ತೇವೆ. ನಮ್ಮ ಚಪಲಕ್ಕೆ ಹುಡುಗನ ನೆತ್ತಿಗೆ ಸೂಜಿಯೆ?

ವಯಸ್ಸಾಗಿ, ಉದುರುವುದು ಒಂದು ಹಂತಕ್ಕೆ ನಿಂತ ಮೇಲೆ ಮಾಡಿಸಿಕೊಂಡವರ ಮಾತು ಬೇರೆ. ನಮ್ಮ ಅಣ್ಣನೇ ಮಾಡಿಸಿಕೊಂಡಿದ್ದಾನೆ. ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಆದರೆ ಇಪ್ಪತ್ತೈದು ದಾಟದ ಹುಡುಗರನ್ನು ಕೈಮುಗಿದು ಕೇಳುತ್ತೇನೆ: ಈಗಲೇ ಮುಂಗಡ ಕಟ್ಟಬೇಡಿ.