ದೋಷ ಕನ್ನಡದ್ದಲ್ಲ, ಉದ್ಧರಣ ಚಿಹ್ನೆಯದು

ಕನ್ನಡ ಸಂಶೋಧನ ಪ್ರಬಂಧಗಳಲ್ಲಿ ಆಗಾಗ ಒಂದು ವಿಲಕ್ಷಣ ಕಾಣಸಿಗುತ್ತದೆ. ಬರಹವೆಲ್ಲ ಕನ್ನಡದಲ್ಲಿದ್ದರೂ ಹಸ್ತಪ್ರತಿಗಳ ವಂಶವೃಕ್ಷವೋ ಗುರುಪರಂಪರೆಯ ರೇಖಾಚಿತ್ರವೋ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಇಲ್ಲವೇ ಬೇರೆಡೆ ರಚಿಸಿ ತಂದು ಅಂಟಿಸಿದ ಚಿತ್ರವಾಗಿರುತ್ತದೆ. ಕಾರಣ ಕೇಳಿದರೆ ಸಿದ್ಧ ಉತ್ತರವೊಂದಿದೆ: ‘ಲೇಟೆಕ್‌ನಲ್ಲಿ ಕನ್ನಡ ಸೇರಿಸಿದರೆ ಚಿತ್ರ ಕೆಡುತ್ತದೆ.’ ಈ ಮಾತು ನಿರಾಧಾರವಾದುದು.

ಲೇಟೆಕ್‌ನಲ್ಲಿ ಭಾಷೆಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಪ್ಯಾಕೇಜು ಬೇಬಲ್. ಗೆರೆ, ಬಾಣ, ವೃಕ್ಷಗಳನ್ನು ಬರೆಯುವುದು ಟಿಲ್ ಟಾಂಟೌ ರಚಿಸಿದ ಟಿಕ್ಝ್. ಜೈನಾಧ್ಯಯನದಲ್ಲಿ ಜರ್ಮನ್ ತಪ್ಪುವುದಿಲ್ಲ. ವಾಲ್ಟರ್ ಶುಬ್ರಿಂಗ್ ಅವರ 1935ರ ‘ದೀ ಲೇರೆ ಡೆರ್ ಜೈನಾಸ್’ ಅನ್ನು ಉಲ್ಲೇಖಿಸುವವರು ಬೇಬಲ್‌ಗೆ ಜರ್ಮನ್ ಭಾಷೆಯನ್ನೂ ಸೇರಿಸುತ್ತಾರೆ. ತೊಡಕು ಹುಟ್ಟುವುದು ಅಲ್ಲಿ. ಜರ್ಮನ್ ವ್ಯವಸ್ಥೆ ಕೀಲಿಮಣೆಯ ನೇರ ಜೋಡಿ ಉದ್ಧರಣ ಚಿಹ್ನೆಯನ್ನು ಒಂದು ಆಜ್ಞೆಯನ್ನಾಗಿ ಮಾರ್ಪಡಿಸುತ್ತದೆ. ಅದರ ಮುಂದೆ ಸ್ವರ ಬರೆದರೆ ಚುಕ್ಕೆಯಿಟ್ಟ ಜರ್ಮನ್ ಸ್ವರ ಮೂಡುತ್ತದೆ. ಟಿಕ್ಝ್ ತನ್ನ ಗೆರೆಗಳ ಮೇಲಿನ ಹೆಸರುಗಳನ್ನು ಅದೇ ಚಿಹ್ನೆಯೊಳಗೆ ನಿರೀಕ್ಷಿಸುವ ಒಂದು ಸೌಲಭ್ಯವನ್ನು ಇಟ್ಟುಕೊಂಡಿದೆ. ಒಂದೇ ಚಿಹ್ನೆಗೆ ಇಬ್ಬರು ಒಡೆಯರಾದರೆ ಕಡತ ಮುಂದೆ ಸಾಗದೆ ನಿಲ್ಲುತ್ತದೆ. ಇದರಲ್ಲಿ ಕನ್ನಡದ ಪಾತ್ರವೇನು? ಬೇಬಲ್‌ನ ಕನ್ನಡ ವ್ಯವಸ್ಥೆ ಯಾವ ಚಿಹ್ನೆಯನ್ನೂ ಹೀಗೆ ಮಾರ್ಪಡಿಸುವುದಿಲ್ಲ.

ಪರಿಹಾರವೂ ಒಂದೇ ಸಾಲಿನದು. ಟಿಕ್ಝ್‌ನ ಲೈಬ್ರರಿಗಳಲ್ಲಿ ‘ಬೇಬಲ್’ ಎಂಬ ಹೆಸರಿನದೇ ಒಂದಿದೆ. ಅದನ್ನು ಕಡತದ ಪೀಠಿಕೆಯಲ್ಲಿ ಸೇರಿಸಿದರೆ, ಚಿತ್ರ ಬರೆಯುವಷ್ಟು ಹೊತ್ತು ಚಿಹ್ನೆಗಳು ತಮ್ಮ ಮೂಲ ಅರ್ಥಕ್ಕೆ ಮರಳುತ್ತವೆ. ಚಿತ್ರದೊಳಗಿನ ಬರಹದಲ್ಲಿ ಮತ್ತೆ ಭಾಷೆಯ ವ್ಯವಸ್ಥೆ ಜಾರಿಗೆ ಬರುತ್ತದೆ. ಲೈಬ್ರರಿ ಇಲ್ಲದ ಹಳೆಯ ಆವೃತ್ತಿಯಾದರೆ ಚಿತ್ರಕ್ಕೆ ಮೊದಲು ‘ಶಾರ್ಟ್‌ಹ್ಯಾಂಡ್‌ಆಫ್’, ಅನಂತರ ‘ಶಾರ್ಟ್‌ಹ್ಯಾಂಡ್‌ಆನ್’ ಆಜ್ಞೆಯನ್ನು ಆ ಚಿಹ್ನೆಗೆ ಕೊಡಬೇಕು. ಒತ್ತಕ್ಷರಗಳು ಒಡೆದು ಕಾಣುವುದು ಬೇರೆಯದೇ ಸಮಸ್ಯೆ: ಲುವಾಲೇಟೆಕ್‌ನಲ್ಲಿ ಫಾಂಟಿಗೆ ಕನ್ನಡ ಲಿಪಿಯನ್ನೂ ಹಾರ್ಫ್‌ಬಜ್ ರೆಂಡರರನ್ನೂ ಸೂಚಿಸಿದರೆ ಅದು ಬಗೆಹರಿಯುತ್ತದೆ. ಇವೆರಡನ್ನೂ ಬೆರೆಸಿ ಭಾಷೆಯ ಮೇಲೆ ದೂರು ಹೊರಿಸುವುದು ರೋಗ ಒಂದು, ಮದ್ದು ಇನ್ನೊಂದು ಎಂಬಂತೆ.

ಚಿತ್ರವನ್ನು ಅಂಟಿಸುವುದು ಸುಲಭವೆಂದು ವಾದಿಸಬಹುದು. ಆದರೆ ಸಂಶೋಧನೆಗೆ ಅದರ ಬೆಲೆ ದೊಡ್ಡದು. ಶ್ರವಣಬೆಳಗೊಳದ ಶಾಸನಗಳು ಹೇಳುವ ಮೂಲಸಂಘ, ದೇಶೀಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯಗಳ ಹೆಸರುಗಳು ಅಂಟಿಸಿದ ಚಿತ್ರದೊಳಗೆ ಸೇರಿದರೆ ಹುಡುಕಿದರೂ ಸಿಗವು, ನಕಲು ಮಾಡಲೂ ಬಾರವು. ಒಂದು ಹೆಸರು ತಪ್ಪಾಗಿದ್ದರೆ ಮುಂದಿನ ಸಂಶೋಧಕನು ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕಾಗುತ್ತದೆ. ಜಮಖಂಡಿ ತಾಲೂಕಿನ ತುಬಚಿಯ ವಿದ್ಯಾರ್ಥಿ ನೆರೆಯ ಮುಧೋಳದ ಕವಿ ರನ್ನನ ‘ಅಜಿತಪುರಾಣ’ದ ಪ್ರತಿಗಳ ವೃಕ್ಷವನ್ನು ಬರೆಯುವಾಗ, ಪ್ರತಿಯ ಹೆಸರು ಪಠ್ಯದಲ್ಲಿಯೂ ಚಿತ್ರದಲ್ಲಿಯೂ ಒಂದೇ ಕನ್ನಡ ಅಕ್ಷರಗಳಲ್ಲಿರಬೇಕು. ಇದು ಅಲಂಕಾರದ ಮಾತಲ್ಲ, ಪಾಠಸಂಶೋಧನೆಯ ಶಿಸ್ತು.

ಆದುದರಿಂದ ಮಾರ್ಗದರ್ಶಕರಲ್ಲಿ ನನ್ನ ನಿವೇದನೆ ಇಷ್ಟೇ: ‘ಚಿತ್ರವನ್ನು ಇಂಗ್ಲಿಷಿನಲ್ಲಿ ಹಾಕು’ ಎಂದು ವಿದ್ಯಾರ್ಥಿಗೆ ಹೇಳುವ ಮೊದಲು, ಕಡತದ ಪೀಠಿಕೆಯಲ್ಲಿ ಆ ಒಂದು ಸಾಲು ಇದೆಯೇ ಎಂದು ಕೇಳಿರಿ. ಹತ್ತು ಶತಮಾನಗಳ ಹಿಂದೆಯೇ ಪುರಾಣಗಳನ್ನು ಹೊತ್ತ ಭಾಷೆಗೆ ಒಂದು ಉದ್ಧರಣ ಚಿಹ್ನೆಯ ಜಗಳ ಅಡ್ಡಿಯಾಗಬಾರದು.