ನೊರೆಯೂ ಒತ್ತಡವೂ

ನಾನು ಬಿಯರ್ ಕುಡಿಯುವವನಲ್ಲ. ಆದರೂ ಇಂದು ಅದರ ವಿಷಯವಾಗಿ ನಾಲ್ಕು ಮಾತು ಬರೆಯಬೇಕಾಗಿದೆ. ಹೋದ ಬೇಸಗೆಯ ರಜೆಯಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿರುವ ನನ್ನ ಸೋದರಳಿಯನ ಮನೆಯಲ್ಲಿದ್ದೆ. ಸ್ವಂತ ಬಳಕೆಗೆ ಮನೆಯಲ್ಲಿಯೇ ಬಿಯರ್ ತಯಾರಿಸಲು ಆ ದೇಶದ 1978ರ ಶಾಸನವೊಂದು ಎಡೆಮಾಡಿಕೊಟ್ಟಿದೆ. ಅವನೂ ಬಿಡುವಿನಲ್ಲಿ ತಯಾರಿಸಿ ಉಕ್ಕಿನ ಪೀಪಾಯಿಯಲ್ಲಿ ತುಂಬಿಡುತ್ತಾನೆ.

ಬಿಯರಿಗೆ ಚುರುಕು ಬರುವುದು ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡಿನಿಂದ. ದ್ರವದ ಮೇಲಿನ ಅನಿಲದ ಒತ್ತಡ ಹೆಚ್ಚಿದಷ್ಟೂ ಒಳಗೆ ಕರಗುವ ಅನಿಲವೂ ಹೆಚ್ಚುವುದೆಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟನು. ತಂಪು ಹೆಚ್ಚಿದಂತೆಯೂ ಅನಿಲ ಹೆಚ್ಚು ಕರಗುತ್ತದೆ. ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರ್ ಅನಿಲ ನಿಲ್ಲಬೇಕಾದರೆ, 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಚದರ ಅಂಗುಲಕ್ಕೆ ಸುಮಾರು 12 ಪೌಂಡ್ ಒತ್ತಡ ಸಾಕು. 20 ಡಿಗ್ರಿಯಲ್ಲಿ ಸುಮಾರು 28 ಪೌಂಡ್ ಬೇಕು. ಒತ್ತಡವನ್ನು ಹೀಗೆ ಗೊತ್ತುಮಾಡಿ ಎರಡು ವಾರ ಕಾದರೆ ಕೆಲಸ ಮುಗಿಯಿತು.

ಅಳಿಯನೂ ಹಾಗೆಯೇ ಮಾಡಿದ್ದನು. ಆದರೆ ನಲ್ಲಿ ತಿರುಗಿಸಿದರೆ ಲೋಟದ ತುಂಬ ನೊರೆ! “ಒತ್ತಡ ಜಾಸ್ತಿಯಾಯಿತು, ಮಾವ” ಎಂದು ಅದನ್ನು 5 ಪೌಂಡಿಗೆ ಇಳಿಸಿದನು. ಅಂದಿಗೆ ನೊರೆಯೇನೋ ಅಡಗಿತು. ವಾರ ಕಳೆಯುವಷ್ಟರಲ್ಲಿ ಕರಗಿದ್ದ ಅನಿಲ ಮೇಲೆದ್ದು, ಬಿಯರ್ ಸಪ್ಪೆಯಾಯಿತೆಂದು ಅವನೇ ಗೊಣಗಿದನು.

ದೋಷವಿದ್ದುದು ಕೊಳವೆಯಲ್ಲಿ. ಪೀಪಾಯಿಯಿಂದ ನಲ್ಲಿಗೆ ಇದ್ದುದು ಒಂದೇ ಮೀಟರ್ ಕೊಳವೆ. ಅಷ್ಟು ಗಿಡ್ಡ ದಾರಿಯ ಕೊನೆಯಲ್ಲಿ ಒತ್ತಡ ಒಮ್ಮೆಲೇ ಕುಸಿದು ಅನಿಲ ನೊರೆಯಾಗಿ ಸಿಡಿಯುತ್ತಿತ್ತು. ಒತ್ತಡವನ್ನು ಮತ್ತೆ 12ಕ್ಕೆ ಏರಿಸಿ, ಮೂರು ಮೀಟರಿನ ಸಪೂರ ಕೊಳವೆ ಜೋಡಿಸಿ, ಎರಡು ವಾರ ಕಾದೆವು. ಉದ್ದ ದಾರಿಯಲ್ಲಿ ಒತ್ತಡ ಮೆಲ್ಲಮೆಲ್ಲನೆ ಇಳಿದು ಬಿಯರ್ ಶಾಂತವಾಗಿ ಹರಿದು ಬಂತು, ಚುರುಕು ಉಳಿಯಿತು.

ಅಲ್ಲಿ ನಿಂತು ನೋಡುತ್ತಿದ್ದ ನನಗೆ ನಮ್ಮ ತರಗತಿ ನೆನಪಾಯಿತು. ಹಳಗನ್ನಡ ಕಷ್ಟವೆಂದು ವಿದ್ಯಾರ್ಥಿಗಳು ಗುಲ್ಲೆಬ್ಬಿಸಿದೊಡನೆ ಪಂಪನ ಪದ್ಯಗಳನ್ನು ಕಡಿಮೆಮಾಡೋಣ ಎನ್ನುತ್ತೇವೆ. ಗುಲ್ಲು ಅಡಗುತ್ತದೆ, ಪಾಠ ಸಪ್ಪೆಯಾಗುತ್ತದೆ. ಕವಿಯಿಂದ ವಿದ್ಯಾರ್ಥಿಯವರೆಗೆ ನಾವು ಹಾಕಿದ ದಾರಿಯೇ ಗಿಡ್ಡವಾಯಿತೆಂದು ನಾವಾರೂ ಯೋಚಿಸುವುದಿಲ್ಲ. ಇಪ್ಪತ್ತು ಪದ್ಯಗಳಿಗೆ ಹತ್ತು ಗಂಟೆ ಸಾಲದಾದರೆ ಇಪ್ಪತ್ತು ಗಂಟೆ ಕೊಡಬೇಕು. ನಿಘಂಟನ್ನು ಬಿಡಿಸಬೇಕು, ಪದ್ಯವನ್ನು ಗಟ್ಟಿಯಾಗಿ ಓದಿಸಬೇಕು. ಪದ್ಯಗಳನ್ನು ಇಳಿಸುವ ಸಲಹೆಗೆ ಹಿಂದೊಮ್ಮೆ ನಾನೂ ಸಹಿ ಹಾಕಿದವನೇ. ಅಂಥ ಕಾಗದ ಇನ್ನೊಮ್ಮೆ ಬಂದರೆ ಸಹಿ ಹಾಕಲಾರೆ.