ನಮ್ಮ ಮುಖ ಯಾರ ಸೊತ್ತು?

ಕನ್ನಡಿಯಲ್ಲಿ ಕಾಣುವ ಮುಖ ನಮ್ಮದೇ ಎಂಬ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕೃತಕ ಬುದ್ಧಿಮತ್ತೆಯು ಈಗ ಆ ನಿಶ್ಚಿಂತೆಯನ್ನು ಕದಲಿಸಿದೆ. ಅಸಂಖ್ಯ ಮುಖಗಳಿಂದ ಮೊದಲೇ ಪಾಠ ಕಲಿತ ಗಣಕಯಂತ್ರಕ್ಕೆ ಒಬ್ಬರ ಕೆಲವೇ ಛಾಯಾಚಿತ್ರಗಳನ್ನು ಒದಗಿಸಿದರೆ ಸಾಕು. ಅವರು ಎಂದೂ ಮಾಡದುದನ್ನು ಮಾಡಿದಂತೆ, ಎಂದೂ ಆಡದುದನ್ನು ಆಡಿದಂತೆ ಅದು ಚಿತ್ರಿಸಿಕೊಡುತ್ತದೆ. ಇಂತಹ ನಕಲಿಗೆ ಡೀಪ್‌ಫೇಕ್ ಎಂದು ಹೆಸರು.

2023ರ ನವೆಂಬರಿನಲ್ಲಿ, ಕೊಡಗಿನವರಾದ ಚಿತ್ರನಟಿ ರಶ್ಮಿಕಾ ಮಂದಣ್ಣನವರ ಮುಖವನ್ನು ಬೇರೊಬ್ಬ ತರುಣಿಯ ದೇಹಕ್ಕೆ ಜೋಡಿಸಿದ ವಿಡಿಯೊ ದೇಶದಲ್ಲೆಲ್ಲ ಹರಡಿದುದನ್ನು ವಾಚಕರು ಬಲ್ಲರು. ಅಲ್ಲಿ ಅನ್ಯಾಯಕ್ಕೆ ಈಡಾದವರು ಇಬ್ಬರು. ಒಬ್ಬರ ಮುಖವನ್ನೂ ಮತ್ತೊಬ್ಬರ ದೇಹವನ್ನೂ ಕೇಳದೆಯೇ ತೆಗೆದುಕೊಂಡಿದ್ದರು.

ಕಾನೂನು ಇಲ್ಲವೆಂದೇನೂ ಅಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಸಾರಿದರು. ನಟ ಅನಿಲ್ ಕಪೂರರ ಹೆಸರು, ರೂಪ, ಧ್ವನಿಗಳನ್ನು ಅನುಮತಿಯಿಲ್ಲದೆ ಬಳಸದಂತೆ ದೆಹಲಿಯ ಉಚ್ಚ ನ್ಯಾಯಾಲಯವು 2023ರಲ್ಲಿ ತಡೆಯಾಜ್ಞೆಯನ್ನಿತ್ತಿತು. ಗಾಯಕ ಅರಿಜಿತ್ ಸಿಂಗರ ಕಂಠಕ್ಕೆ ಮುಂಬಯಿಯ ಉಚ್ಚ ನ್ಯಾಯಾಲಯವು 2024ರಲ್ಲಿ ಅಂತಹುದೇ ರಕ್ಷಣೆಯನ್ನು ನೀಡಿತು.

ಆದರೆ ಈ ಆಜ್ಞೆಗಳನ್ನು ಪಡೆದವರು ಪ್ರಖ್ಯಾತರು, ವಕೀಲರನ್ನು ನೇಮಿಸಿಕೊಳ್ಳಬಲ್ಲವರು. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳ ಚಿತ್ರವನ್ನು ಸಹಪಾಠಿಯೇ ಹೀಗೆ ವಿಕಾರಗೊಳಿಸಿದರೆ ಆಕೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬಲ್ಲಳೆ? ಸುಳ್ಳು ನಿಮಿಷಗಳಲ್ಲಿ ಹಬ್ಬುತ್ತದೆ. ಮೊಕದ್ದಮೆ ತಿಂಗಳುಗಳನ್ನು ಬೇಡುತ್ತದೆ. ದೂರು ಬಂದ 24 ಗಂಟೆಗಳೊಳಗೆ ಅಂತಹ ಚಿತ್ರವನ್ನು ತೆಗೆಯಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಜಾಲತಾಣಗಳಿಗೆ ವಿಧಿಸಿದವು. 2026ರ ತಿದ್ದುಪಡಿಯು ಆ ಗಡುವನ್ನು ಇನ್ನೂ ಕಿರಿದುಗೊಳಿಸಿತು. ಇದು ಸ್ವಾಗತಾರ್ಹವೇ ಸರಿ. ಆದರೆ ದೂರನ್ನು ಕೂಡಲೇ ಆಲಿಸಿ, ನಿಯಮವನ್ನು ನಡೆಸಿಕೊಡುವವರು ಇಲ್ಲದಿದ್ದರೆ ಗಡುವು ಎಷ್ಟು ಕಿರಿದಾದರೇನು?

ನಕಲಿಯನ್ನು ಪತ್ತೆಹಚ್ಚುವ ಯಂತ್ರಗಳು ಬರುತ್ತಿರುವಾಗ ಚಿಂತೆಯೇಕೆ ಎನ್ನುವವರುಂಟು. ನಾವು ಇದನ್ನು ಒಪ್ಪಲಾರೆವು. ಪತ್ತೆಹಚ್ಚುವ ಉಪಾಯವನ್ನೇ ಪಾಠವಾಗಿಟ್ಟುಕೊಂಡು ಅದರ ಕಣ್ಣು ತಪ್ಪಿಸುವುದನ್ನು ವಂಚಕ ಯಂತ್ರಕ್ಕೆ ಕಲಿಸಬಹುದು. ಆದುದರಿಂದ ಚಿತ್ರವು ಅಸಲಿಯೋ ನಕಲಿಯೋ ಎಂಬ ವಾದಕ್ಕಿಂತ ಮೊದಲು, ಆ ವ್ಯಕ್ತಿಯ ಒಪ್ಪಿಗೆ ಇದ್ದಿತೆ ಎಂದು ಕಾನೂನು ಕೇಳಬೇಕು. ಒಪ್ಪಿಗೆಯನ್ನು ತೋರಿಸುವ ಹೊಣೆ ಹರಡಿದವನದಾಗಬೇಕು; ನೊಂದವರ ಮೇಲೆ ಅದನ್ನು ಹೊರಿಸಲಾಗದು. ಸುದ್ದಿ, ವಿಮರ್ಶೆ, ವ್ಯಂಗ್ಯಚಿತ್ರಗಳಿಗೆ ವಿನಾಯಿತಿ ಇರಲಿ. ಅವಿಲ್ಲದೆ ಪ್ರಜಾಪ್ರಭುತ್ವವೂ ಇರದು. ಆದರೆ ವ್ಯಂಗ್ಯವು ವ್ಯಂಗ್ಯವೆಂದು ನೋಡಿದೊಡನೆ ತಿಳಿಯುವಂತಿರಬೇಕು.

ತರುಣ ವಾಚಕರಲ್ಲಿ ನಮ್ಮ ಬಿನ್ನಹವೊಂದಿದೆ. ಇಂತಹ ಚಿತ್ರವು ನಿಮ್ಮ ಮೊಬೈಲಿಗೆ ಬಂದರೆ ಅದನ್ನು ಯಾರಿಗೂ ಕಳುಹಿಸದಿರಿ. ಯಾರ ಚಿತ್ರವೋ ಅವರಿಗೆ ತಿಳಿಸಿ, ದೂರು ಕೊಡಲು ಅವರ ಜೊತೆಗೆ ಹೋಗಿ.